ಬೆನ್ನುಚೀಲದ ಹೊಟ್ಟೆಯೊಳಗಿನ ಪೆಟ್ಟಿಗೆ

ಚಾರಣದ ಬೆನ್ನುಚೀಲಕ್ಕೆ ಸ್ಪಂಜಿನ ಪೆಟ್ಟಿಗೆಯೊಂದನ್ನು ಇಳಿಸಿ, ಅದನ್ನೇ ಕ್ಯಾಮೆರಾ ಚೀಲವಾಗಿಸಿಕೊಳ್ಳುವ ಪದ್ಧತಿಗೆ ನಮ್ಮ ಛಾಯಾಗ್ರಾಹಕರ ನಡುವೆ ಜಾಣತನದ ಬಿರುದು ಬಂದು ಸಾಕಷ್ಟು ಕಾಲವಾಯಿತು. ಬಿರುದಿಗೆ ಕಾರಣ ಎರಡು. ಕ್ಯಾಮೆರಾಕ್ಕೆಂದೇ ಹೊಲಿದ ಚೀಲಕ್ಕಿಂತ ಇದು ಅಗ್ಗ. ಬಸ್ಸಿನಲ್ಲಿ ಕಳ್ಳನ ಕಣ್ಣಿಗೆ ಬೀಳುವುದಿಲ್ಲ. ಎರಡೂ ನಿಜ. ಆದರೆ ಮೊದಲನೆಯದು ಜೇಬಿನ ಮಾತು, ಎರಡನೆಯದು ವೇಷದ ಮಾತು. ಚೀಲದ ಮಾತು ಎರಡರಲ್ಲೂ ಇಲ್ಲ. ಹೊರಲಿಕ್ಕೆ ಇರುವ ವಸ್ತುವನ್ನು ಅದು ಹೇಗೆ ಹೊರಿಸುತ್ತದೆ ಎಂಬುದರಿಂದಲೇ ಅಳೆಯಬೇಕು. ಹಾಗೆ ಅಳೆದರೆ ಈ ಮಾರ್ಪಾಡು ತನ್ನದಲ್ಲದ ಗುಣಕ್ಕೆ ಹೊಗಳಿಸಿಕೊಂಡು, ತನ್ನ ನಿಜವಾದ ಗುಣವನ್ನು ತಾನೇ ಹಾಳುಮಾಡಿಕೊಳ್ಳುತ್ತಿದೆ ಎಂದು ಹೇಳದೆ ವಿಧಿಯಿಲ್ಲ. ಹೆಚ್ಚಿನವರು ಮಾಡುವ ರೀತಿಯಲ್ಲಿ ಮಾಡಿದರೆ ಒಳ್ಳೆಯ ಚಾರಣ ಚೀಲವೊಂದು ಕೆಟ್ಟ ಕ್ಯಾಮೆರಾ ಚೀಲವಾಗುತ್ತದೆ. ದೋಷ ಚೀಲದ್ದಲ್ಲ, ಪೆಟ್ಟಿಗೆಯದು.

ಮೊದಲು ಹೊರೆ ಏನೆಂದು ನೋಡೋಣ. ಸಾವಳಗಿ, ಜಮಖಂಡಿ, ಬೀಳಗಿ, ಮುಧೋಳದ ಕಡೆ ಕ್ಯಾಮೆರಾ ಹೊತ್ತು ನಡೆಯುವವರಿಗೆ ಎರಡು ದೊಡ್ಡ ಆಸೆಗಳಿವೆ: ಆಲಮಟ್ಟಿ ಹಿನ್ನೀರಿಗೆ ಬಂದಿಳಿಯುವ ರಾಜಹಂಸಗಳು, ಮತ್ತು 2016ರಲ್ಲಿ ಬೀಳಗಿ–ಮುಧೋಳ ತಾಲ್ಲೂಕುಗಳ 96 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಸೇರಿಸಿ ಘೋಷಿಸಿದ ಯಡಹಳ್ಳಿ ಚಿಂಕಾರ ಅಭಯಾರಣ್ಯ. ಹಕ್ಕಿಯಾಗಲಿ ಚಿಂಕಾರವಾಗಲಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಉದ್ದನೆಯ ಲೆನ್ಸ್ ಬೇಕೇ ಬೇಕು. ಸೋನಿಯ 200–600 ಎಂಎಂ ಲೆನ್ಸ್ 2.1 ಕಿಲೋ ತೂಗುತ್ತದೆ, ನಿಕಾನಿನ 200–500 ಎಂಎಂ ಟ್ರೈಪಾಡ್ ಕಾಲರು ಸೇರಿ 2.3 ಕಿಲೋ. ಬಾಡಿ, ಬ್ಯಾಟರಿ, ಇನ್ನೊಂದು ಚಿಕ್ಕ ಲೆನ್ಸ್ ಸೇರಿದರೆ ನಾಲ್ಕು ಕಿಲೋದ ಆಚೀಚೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಲೆಕ್ಕಕ್ಕೆ ಹಿಡಿಯದಿರುವುದು ನೀರು. ನೆರಳಿಲ್ಲದ ಎರೆಭೂಮಿಯಲ್ಲಿ ಮಾರ್ಚ್ ದಾಟಿದ ಮೇಲೆ ಅರ್ಧ ದಿನ ನಡೆಯುವವರಿಗೆ ಮೂರು ಲೀಟರ್ ಹೆಚ್ಚಲ್ಲ; ಅಂದರೆ ಮೂರು ಕಿಲೋ. ಈ ಸೀಮೆಯಲ್ಲಿ ನೀರು ಹೆಚ್ಚುಕಡಿಮೆ ಕ್ಯಾಮೆರಾದಷ್ಟೇ ಭಾರದ ಸಾಮಾನು. ಕ್ಯಾಮೆರಾ ಚೀಲಗಳನ್ನು ರೂಪಿಸಿದವರಿಗೆ ಈ ಸೀಮೆ ಗೊತ್ತಿದ್ದಂತಿಲ್ಲ: ಪಕ್ಕದಲ್ಲಿ ಒಂದು ಬಾಟಲಿಯ ಜೇಬು ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ಚಾರಣದ ಚೀಲಕ್ಕೆ ಬರಬೇಕೆನ್ನುವುದಕ್ಕೆ ಇಲ್ಲಿರುವ ಮೊದಲ ಗಟ್ಟಿ ಕಾರಣ ಇದು, ಅಗ್ಗದ ಬೆಲೆಯಲ್ಲ.

ಎರಡನೆಯ ಕಾರಣ ಬೆನ್ನಿನ ಚೌಕಟ್ಟು ಮತ್ತು ಸೊಂಟಪಟ್ಟಿ. ಚಾರಣ ಚೀಲವೂ ಕ್ಯಾಮೆರಾ ಚೀಲವೂ ಬೇರೆ ಬೇರೆ ಜಾತಿಯವು ಎಂದು ವಾದಿಸುವವರು ಮರೆಯುವ ಸಂಗತಿಯೊಂದಿದೆ. 1967ರಲ್ಲಿ ಒಳಚೌಕಟ್ಟಿನ ಬೆನ್ನುಚೀಲವನ್ನು ಮಾಡಿದ ಪರ್ವತಾರೋಹಿ ಗ್ರೆಗ್ ಲೋವ್ ಅವರೇ ಲೋವ್‌ಪ್ರೋ ಕ್ಯಾಮೆರಾ ಚೀಲಗಳ ಹಿಂದೆಯೂ ಇದ್ದವರು. ಎರಡೂ ಒಂದೇ ಮನೆಯಲ್ಲಿ ಹುಟ್ಟಿ ಆಮೇಲೆ ಪಾಲಾದವು. ಪಾಲಾಗುವಾಗ ಸೊಂಟಪಟ್ಟಿ ಚಾರಣದ ಕಡೆಗೆ ಹೋಯಿತು, ಸ್ಪಂಜು ಕ್ಯಾಮೆರಾದ ಕಡೆಗೆ. ಹಾಗೆಂದು ಸೊಂಟಪಟ್ಟಿಯ ಬಗ್ಗೆ ಚೀಲ ವಿಮರ್ಶಕರು ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ. ನೂರಕ್ಕೆ 80ರಷ್ಟು ಭಾರ ಸೊಂಟಕ್ಕೆ ಇಳಿಯುತ್ತದೆ ಎಂಬ ಮಾತನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡು ಹೇಳುತ್ತ ಬಂದಿದ್ದಾರೆ, ಅಳೆದವರು ಯಾರೆಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಅಳೆದವರು ಇದ್ದಾರೆ. ಲಾಫಿಯಾಂಡ್ರಾ ಮತ್ತು ಹಾರ್ಮನ್ ಎಂಬ ಸಂಶೋಧಕರು ಸೈನಿಕರ ಹೊರೆಯನ್ನು ಕುರಿತು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೌಕಟ್ಟು ಮತ್ತು ಪಟ್ಟಿ ಇರುವ ಚೀಲದ ಲಂಬ ಭಾರದಲ್ಲಿ ಕೆಳಬೆನ್ನು ವಹಿಸಿಕೊಂಡದ್ದು ನೂರಕ್ಕೆ ಸುಮಾರು 30ರಷ್ಟು ಮಾತ್ರ. ಉಳಿದದ್ದು ಹೆಗಲ ಮೇಲೆಯೇ. ಇದರಿಂದ ಸೊಂಟಪಟ್ಟಿ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಚೀಲ, ಬಟ್ಟೆಬರೆಯೂ ಸೇರಿ ಹೊರೆ ಹನ್ನೆರಡು ಕಿಲೋ ಎಂದಿಟ್ಟುಕೊಂಡರೆ, ಅದರಲ್ಲಿ ನೂರಕ್ಕೆ 30ರಷ್ಟೆಂದರೆ 3.6 ಕಿಲೋ, ಅಂದರೆ ಹೆಚ್ಚುಕಡಿಮೆ ಲೆನ್ಸು–ಬಾಡಿಯ ತೂಕ ಹೆಗಲಿನಿಂದ ಇಳಿದಂತೆ. ಅಷ್ಟು ಸಾಕು. ಇಲ್ಲದ ಪವಾಡವನ್ನು ಹೇಳಿ ಇರುವ ಉಪಕಾರವನ್ನು ಮರೆಸುವುದು ಯಾಕೆ?

ಈಗ ಪೆಟ್ಟಿಗೆಗೆ ಬರೋಣ. ಪದ್ಧತಿಯ ಗುಣಾವಗುಣಗಳೆಲ್ಲ ನಿರ್ಧಾರವಾಗುವುದು ಒಂದೇ ಪ್ರಶ್ನೆಯಲ್ಲಿ: ಚೀಲದೊಳಗೆ ಅದು ಕೂರುವುದು ಎಲ್ಲಿ, ಯಾವ ಆಕಾರದಲ್ಲಿ. ರೂಢಿಯಲ್ಲಿರುವ ಜಾಗ ತಳ. ದೊಡ್ಡ ಚಾರಣ ಚೀಲಗಳ ತಳದಲ್ಲಿ ಮಲಗುವ ಚೀಲಕ್ಕೆಂದು ಬೇರೆ ಜಿಪ್ ಇರುತ್ತದೆ; ಪೆಟ್ಟಿಗೆಯನ್ನು ಅಲ್ಲಿ ತೂರಿಸಿದರೆ ಮೇಲಿನ ಬಟ್ಟೆಬರೆ ಕೆದಕದೆ ಕ್ಯಾಮೆರಾ ತೆಗೆಯಬಹುದು ಎಂಬುದು ವಾದ. ತೆಗೆಯಬಹುದು, ಸರಿ. ಆದರೆ ಮಲಗುವ ಚೀಲವನ್ನು ತಳದಲ್ಲಿಡುವುದು ಅದು ಹಗುರ ಮತ್ತು ಮೆತ್ತಗೆ ಎಂಬ ಕಾರಣಕ್ಕೆ. ಅದೇ ಜಾಗಕ್ಕೆ ನಾಲ್ಕು ಕಿಲೋದ ಗಟ್ಟಿ ಸಾಮಾನು ಬಂದರೆ ಭಾರ ಕೆಳಗೆ ಜೋತು ಹಿಂದಕ್ಕೆಳೆಯುತ್ತದೆ. ಅದನ್ನು ಸರಿದೂಗಿಸಲು ನಡೆಯುವವರು ಸೊಂಟದಿಂದ ಮುಂದಕ್ಕೆ ಬಾಗುತ್ತಾರೆ. ಅದಕ್ಕಿಂತ ದೊಡ್ಡ ಕೇಡು ಚೀಲವನ್ನು ಕೆಳಗಿಡುವಾಗ. ದಣಿದವರು ಚೀಲವನ್ನು ಮೆಲ್ಲಗೆ ಇಳಿಸುವುದಿಲ್ಲ, ಒಗೆಯುತ್ತಾರೆ. ಸಾರಿಗೆ ಬಸ್ಸಿನ ಕಂಡಕ್ಟರು ಇಳಿಸಿದರಂತೂ ಕೇಳಲೇಬೇಡಿ. ಪ್ರತಿ ಸಲವೂ ಮೊದಲು ನೆಲ ಮುಟ್ಟುವುದು ಲೆನ್ಸ್. ತಲೆಯ ಭಾಗದಲ್ಲಿಡೋಣವೆಂದರೆ ಭಾರ ಮೇಲಾಗಿ, ಬದುವಿನಿಂದ ಬದುವಿಗೆ ಹೆಜ್ಜೆ ಹಾಕುವಾಗ ಚೀಲ ಅತ್ತಿಂದಿತ್ತ ಓಲಾಡುತ್ತದೆ. ಹೀಗಾಗಿ ಉಳಿಯುವುದು ನಡುಮಟ್ಟ, ಬೆನ್ನಿಗೆ ಒತ್ತಿಕೊಂಡಂತೆ. ಇಲ್ಲಿ ಪೆಟ್ಟಿಗೆಯ ಆಕಾರವೇ ಅಡ್ಡಬರುತ್ತದೆ. ಮಾರುಕಟ್ಟೆಯ ಸ್ಪಂಜಿನ ಪೆಟ್ಟಿಗೆ ಚೌಕಾಕಾರದ್ದು, ಒಳಗೆ ಅಡ್ಡಗೋಡೆಗಳ ಖಾನೆಗಳು. ಸೋನಿಯ ಆ ಲೆನ್ಸಿನ ಉದ್ದ 318 ಮಿಲಿಮೀಟರ್. ಬಾಡಿ ಸೇರಿದರೆ ಹತ್ತಿರ ಹತ್ತಿರ 40 ಸೆಂಟಿಮೀಟರ್. ನಲವತ್ತು ಲೀಟರಿನ ಚೀಲದ ಅಗಲ ಸಾಮಾನ್ಯವಾಗಿ 30 ಸೆಂಟಿಮೀಟರಿನ ಆಸುಪಾಸು. ಅಡ್ಡ ಮಲಗಿಸಲು ಜಾಗವಿಲ್ಲದ ಕಾರಣ ಬಾಡಿಯನ್ನೂ ಲೆನ್ಸನ್ನೂ ಬಿಡಿಸಿ ಬೇರೆ ಬೇರೆ ಖಾನೆಗೆ ಹಾಕಬೇಕು. ಹಕ್ಕಿ ಎದ್ದ ಮೇಲೆ ಜೋಡಿಸಬೇಕು. ಎರೆಮಣ್ಣಿನ ಸಣ್ಣ ಧೂಳು ಗಾಳಿಯಲ್ಲಿರುವ ಬಯಲಿನಲ್ಲಿ ಪ್ರತಿ ಜೋಡಣೆಗೂ ಸೆನ್ಸರ್ ಬಾಯ್ದೆರೆದು ನಿಲ್ಲುತ್ತದೆ. ಕ್ಯಾಮೆರಾವನ್ನು ಪೆಟ್ಟಿನಿಂದ ಕಾಯಲು ಬಂದ ಪೆಟ್ಟಿಗೆ ಅದನ್ನು ಧೂಳಿಗೆ ಒಪ್ಪಿಸಿದೆ.

ಪೆಟ್ಟಿಗೆಯನ್ನು ಬಿಟ್ಟು ಕೊಳವೆಯನ್ನು ಯೋಚಿಸಿದರೆ ಕಗ್ಗಂಟು ಸಡಿಲವಾಗುತ್ತದೆ. ನಲವತ್ತು ಲೀಟರಿನ ಚೀಲದ ಎತ್ತರ 55ರಿಂದ 60 ಸೆಂಟಿಮೀಟರ್ ಇರುತ್ತದೆ. ತಳದಲ್ಲಿ ಅರ್ಧ ಗೇಣು ಬಟ್ಟೆ, ಹೊದಿಕೆ. ಅದರ ಮೇಲೆ ಬೆನ್ನಿನ ಬದಿಗೆ ಒತ್ತಿದಂತೆ ಹತ್ತು ಮಿಲಿಮೀಟರ್ ದಪ್ಪದ ಫೋಮ್ ಚಾಪೆಯನ್ನು ಸುರುಳಿ ಸುತ್ತಿ, ತಳ ಮುಚ್ಚಿ ಮಾಡಿದ ಕೊಳವೆ. ಅದರೊಳಗೆ ಲೆನ್ಸಿನ ಮೂತಿ ಕೆಳಗೆ, ಬಾಡಿ ಮೇಲೆ. ಮುಚ್ಚಳ ತೆರೆದು ಕೈ ಹಾಕಿದರೆ ಸಿಗುವುದು ಬಾಡಿಯ ಹಿಡಿಕೆ. ಏನನ್ನೂ ಹೊರತೆಗೆಯಬೇಕಿಲ್ಲ, ಏನನ್ನೂ ಬಿಡಿಸಬೇಕಿಲ್ಲ. ಚೀಲ ನೆಲಕ್ಕೆ ಬಿದ್ದರೆ ಮೊದಲ ಪೆಟ್ಟು ಬಟ್ಟೆಯ ಗಂಟಿಗೆ. ಭಾರ ಬೆನ್ನಿಗಂಟಿ, ಹೆಗಲಿನ ಎಲುಬುಗಳ ಕೆಳಗೆ ನಿಲ್ಲುತ್ತದೆ. ಮೇಲಿನಿಂದ ತೆರೆಯುವ ಚೀಲ ಕ್ಯಾಮೆರಾಕ್ಕೆ ಅನುಕೂಲವಲ್ಲ ಎಂಬ ಹಳೆಯ ದೂರು ಚೀಲದ ಬಗ್ಗೆ ಇದ್ದದ್ದಲ್ಲ, ಅದರೊಳಗೆ ಪೆಟ್ಟಿಗೆ ಇಟ್ಟವರ ಬಗ್ಗೆ ಇದ್ದದ್ದು. ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಚಾರಣ ಚೀಲಗಳಲ್ಲಿ ನೀರಿನ ಕೊಳವೆಚೀಲಕ್ಕೆಂದು ಇರುವ ಒಳಜೇಬು ಸರಿಯಾಗಿ ಬೆನ್ನಿನ ಪಕ್ಕದಲ್ಲಿ, ಅಂದರೆ ಕ್ಯಾಮೆರಾ ಕೂರಬೇಕಾದ ಜಾಗಕ್ಕೆ ತಾಗಿಕೊಂಡೇ ಇರುತ್ತದೆ. ಅದನ್ನು ಖಾಲಿ ಬಿಟ್ಟು, ನೀರನ್ನು ಬಾಟಲಿಗಳಲ್ಲಿ ಎರಡೂ ಬದಿಯ ಹೊರಜೇಬಿಗೆ ಹಂಚಬೇಕು.

ಚೌಕದ ಪೆಟ್ಟಿಗೆ ಎಲ್ಲಿಂದ ಬಂತು? ಮದುವೆಯ ಮನೆಯಿಂದ. ಜಮಖಂಡಿಯ ಅಥವಾ ರಬಕವಿ–ಬನಹಟ್ಟಿಯ ಸ್ಟುಡಿಯೋದವರು ಮದುವೆಗೆ ಒಯ್ಯುವುದು ಎರಡು ಬಾಡಿ, ಮೂರು ಗಿಡ್ಡ ಲೆನ್ಸ್, ಫ್ಲ್ಯಾಶು, ಚಾರ್ಜರು. ಅಲ್ಲಿ ಖಾನೆ ಬೇಕು, ಎಲ್ಲವೂ ಒಮ್ಮೆಗೇ ಕಣ್ಣಿಗೆ ಕಾಣಬೇಕು, ಚೀಲ ಕಲ್ಯಾಣ ಮಂಟಪದ ಮೂಲೆಯಲ್ಲಿ ತೆರೆದುಕೊಂಡೇ ಇರುತ್ತದೆ. ಆ ಕೆಲಸಕ್ಕೆ ಆ ಪೆಟ್ಟಿಗೆಗಿಂತ ಒಳ್ಳೆಯದಿಲ್ಲ, ಅದಕ್ಕೆ ಚಾರಣ ಚೀಲದ ಹಂಗೂ ಇಲ್ಲ. ಆ ಮಂಟಪದ ಮೂಲೆಯನ್ನೇ ಮಡಚಿ ಬೆನ್ನಿಗೇರಿಸಿಕೊಂಡು ಯಡಹಳ್ಳಿಯ ಕುರುಚಲು ಕಾಡಿಗೆ, ಕುಮಾರ ಪರ್ವತಕ್ಕೆ ಹೊರಟಾಗ ಗೊಂದಲ ಶುರುವಾಗುತ್ತದೆ.

ಮೆತ್ತೆಯ ಬಗ್ಗೆ ಇನ್ನೊಂದು ಜಗಳವಿದೆ. ಇದು ದೇಸಿ ಅಭಿಮಾನಿಗಳೊಂದಿಗೆ. ಸ್ಪಂಜು ಯಾಕೆ, ನಮ್ಮ ಕೌದಿ ಇದೆಯಲ್ಲ ಎನ್ನುತ್ತಾರೆ ಅವರು. ಹಳೆಯ ಸೀರೆಗಳ ಪದರ ಜೋಡಿಸಿ ಕೈಯಲ್ಲಿ ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ಮೆಚ್ಚದವರು ಯಾರು? ಆದರೆ ಮೆಚ್ಚುಗೆಯೇ ಬೇರೆ, ಪರೀಕ್ಷೆಯೇ ಬೇರೆ. ಎರಡು ಕಿಲೋದ ಲೆನ್ಸ್ ಕೂತಲ್ಲಿ ಬಟ್ಟೆ ಅದುಮಿ ತೆಳ್ಳಗಾಗುತ್ತದೆ, ಪೆಟ್ಟು ನೇರ ದಾಟುತ್ತದೆ; ಬೆವರು ಹೀರಿ ತೇವ ಹಿಡಿದಿಟ್ಟುಕೊಳ್ಳುತ್ತದೆ; ಸವೆದ ಹತ್ತಿಯ ನೂಲಿನ ಧೂಳು ಲೆನ್ಸಿನ ಗಾಜಿಗೆ ಕೂರುತ್ತದೆ. ಮುಚ್ಚಿದ ಗುಳ್ಳೆಗಳ ಫೋಮ್ ಚಾಪೆಗೆ ಈ ಮೂರು ದೋಷಗಳೂ ಇಲ್ಲ, ನೆಲದ ಮೇಲೆ ಹಾಸಿ ಮಲಗಲು ಮಾರುವ ಸಾದಾ ಚಾಪೆಯಿಂದ ಕತ್ತರಿಸಿಕೊಳ್ಳಬಹುದು. ಕೌದಿಗೆ ಈ ಚೀಲದಲ್ಲಿ ಮರ್ಯಾದೆಯ ಜಾಗವಿದೆ: ಕೊಳವೆಯ ಕೆಳಗೆ. ದೇಸಿ ಎಂಬ ಕಾರಣಕ್ಕೆ ಒಂದು ವಸ್ತುವಿಗೆ ಅದರ ಕೆಲಸವಲ್ಲದ ಕೆಲಸ ಹೊರಿಸುವುದು ಗೌರವವಲ್ಲ. ಇದೇ ಗುಂಪಿನವರು ಕೊಡುವ ಇನ್ನೊಂದು ಸಲಹೆ, ಚೀಲದ ಗೋಡೆಗೇ ಮೆತ್ತೆಯನ್ನು ದಬ್ಬಣ ಹಾಕಿ ಹೊಲಿಸಿಬಿಡುವುದು. ನೈಲಾನಿನ ಒಳಬದಿಗೆ ನೀರು ತಡೆಯುವ ಲೇಪವಿರುತ್ತದೆ. ದಬ್ಬಣದ ಒಂದೊಂದು ತೂತೂ ಮಳೆಗೆ ಒಂದೊಂದು ಬಾಗಿಲು. ಚೀಲವನ್ನು ಮುಟ್ಟದೆ, ಬೇಡವೆಂದಾಗ ಎತ್ತಿ ತೆಗೆಯುವಂತಿದ್ದರೆ ಮಾತ್ರ ಈ ಮಾರ್ಪಾಡಿಗೆ ಅರ್ಥ.

ಎದುರು ವಾದಗಳಲ್ಲಿ ಒಂದಕ್ಕೆ ತೂಕವಿದೆ. ಬೆನ್ನಿನ ಬದಿಯಿಂದ ತೆರೆಯುವ ಕ್ಯಾಮೆರಾ ಚೀಲವನ್ನು ಮುಖ ಕೆಳಗೆ ಮಾಡಿ ಮಲಗಿಸಬಹುದು. ಕೆಸರು ಹೊರಮೈಗೆ ಹತ್ತುತ್ತದೆ, ಹೆಗಲಪಟ್ಟಿಗಳು ಸ್ವಚ್ಛವಾಗಿರುತ್ತವೆ. ಮಳೆ ಬಿದ್ದ ಎರೆಮಣ್ಣು ಎಷ್ಟು ಅಂಟು ಎಂದು ಬಲ್ಲವರು ಈ ಅನುಕೂಲವನ್ನು ಅಲ್ಲಗಳೆಯಲಾರರು. ಆದರೆ ಆ ಚೀಲ ಪ್ರತಿ ಸಲವೂ ಮಲಗಲೇಬೇಕು. ಜಾಲಿಮುಳ್ಳಿನ ನೆಲದಲ್ಲಿ, ಹಿನ್ನೀರಿನ ರೊಜ್ಜಿನ ದಂಡೆಯಲ್ಲಿ ಮಲಗಿಸುವ ಜಾಗ ಹುಡುಕುವುದೇ ಕೆಲಸವಾಗುತ್ತದೆ. ಮೇಲಿನಿಂದ ತೆರೆಯುವ ಚೀಲ ಕಾಲಿಗೆ ಒರಗಿ ನಿಂತಿರುತ್ತದೆ. ಇನ್ನು ಮಳೆಹೊದಿಕೆ ಜೊತೆಗೇ ಬರುತ್ತದೆಂಬ ಹೆಗ್ಗಳಿಕೆ. ಅದು ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಕುತ್ತಿಗೆಯಿಂದ ಇಳಿದ ನೀರು ಬೆನ್ನಿನಗುಂಟ ಹರಿದು ಒಳಸೇರುತ್ತದೆ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಕೊಟ್ಟೆ ಹಾಕಿ ಬಾಯಿ ಸುತ್ತಿಟ್ಟರೆ ಎರಡೂ ಬಗೆಯ ಚೀಲ ಒಂದೇ.

ಉಳಿದದ್ದು ಟ್ರೈಪಾಡ್. ಅದಕ್ಕೆ ಒಳ್ಳೆಯ ಜಾಗ ಯಾವ ಚೀಲದಲ್ಲೂ ಇಲ್ಲ. ಹೊರಗೆ ನಡುವಿಗೆ ಕಟ್ಟಿದರೆ ಬೆನ್ನಿನಿಂದ ಅತಿ ದೂರದಲ್ಲಿ ತೂಗುತ್ತದೆ. ಪಕ್ಕಕ್ಕೆ ಕಟ್ಟಿ ಎದುರು ಬದಿಯಲ್ಲಿ ಒಂದೂವರೆ ಲೀಟರ್ ನೀರಿಟ್ಟರೆ ಬೆಳಿಗ್ಗೆ ಸಮತೂಕ. ಮಧ್ಯಾಹ್ನಕ್ಕೆ ನೀರು ಹೊಟ್ಟೆ ಸೇರಿ ಚೀಲ ಒಂದು ಕಡೆ ವಾಲುತ್ತದೆ. ಚಿಂಕಾರಕ್ಕೂ ರಾಜಹಂಸಕ್ಕೂ ನೆಲಮಟ್ಟದಿಂದ ಗುರಿ ಹಿಡಿಯುವುದೇ ಹೆಚ್ಚು, ಅದಕ್ಕೆ ಮೂರು ಕಾಲು ಬೇಕಿಲ್ಲ. ಒಂದು ಗಟ್ಟಿ ಬಟ್ಟೆಯ ಖಾಲಿ ಚೀಲವನ್ನು ಮಡಚಿ ಒಯ್ದು, ಊರಲ್ಲಿ ಎರಡು ಸೇರು ಜೋಳವನ್ನೋ ದಂಡೆಯ ಮೇಲೆ ಉಸುಕನ್ನೋ ತುಂಬಿ ಬಾಯಿ ಕಟ್ಟಿದರೆ ಲೆನ್ಸ್ ಅದರ ಮೇಲೆ ಅಲುಗದೆ ಕೂರುತ್ತದೆ; ಮರಳುವಾಗ ಸುರಿದು ಬರಬಹುದು. ಜೋಳವಾದರೆ ಸುರಿಯುವುದೂ ಬೇಡ.