ಜಲ್ಲಿ ರಸ್ತೆಯೂ ರಾಗಿಕಲ್ಲೂ

ಹೆಣ್ಣು ತನ್ನ ದುಃಖವನ್ನು ಹಾಡಿದರೆ ನಮ್ಮ ವಿಮರ್ಶಕರ ಬಾಯಲ್ಲಿ ಮೊದಲು ಬರುವ ಮಾತು 'ಹಸಿ ಭಾವನೆ' ಎಂಬುದು. ಹೊಗಳಿಕೆಯೆಂದೇ ಅವರು ಇದನ್ನು ಹೇಳುತ್ತಾರೆ. ಆದರೆ ಆ ಹೊಗಳಿಕೆಯ ಬೆನ್ನಿಗೆ ಒಂದು ಅಸಡ್ಡೆಯೂ ಅಂಟಿಕೊಂಡಿರುತ್ತದೆ. ನೋವಿತ್ತು, ಬಾಯಿ ತೆರೆದಳು, ಹಾಡು ಬಂತು. ಕಟ್ಟುವ ಶ್ರಮ ಅವಳಿಗೆಲ್ಲಿತ್ತು ಎಂಬ ಭಾವ ಅದರೊಳಗೆ ಅಡಗಿದೆ. ಈ ಭಾವ ಎಷ್ಟು ತಪ್ಪೆಂಬುದು ನನಗೆ ಮನವರಿಕೆಯಾದದ್ದು ಮಂಡ್ಯದ ಮಗ್ಗುಲಿನ ಯಲಿಯೂರಿನಲ್ಲಿ, ದೊಡ್ಡವ್ವನ ಮನೆಯ ಜಗುಲಿಯ ಮೇಲೆ, ಅಮೆರಿಕದ ಒಂದು ಧ್ವನಿಮುದ್ರಿಕೆಯನ್ನು ಕೇಳುತ್ತ ಕುಳಿತಾಗ.

ಮುದ್ರಿಕೆಯ ಹೆಸರು 'ಕಾರ್ ವೀಲ್ಸ್ ಆನ್ ಎ ಗ್ರ್ಯಾವೆಲ್ ರೋಡ್'. ಜಲ್ಲಿ ರಸ್ತೆಯ ಮೇಲೆ ಕಾರಿನ ಗಾಲಿಗಳು ಎಂದು ಅರ್ಥ. ಹಾಡಿದವರು ಲೂಸಿಂಡಾ ವಿಲಿಯಮ್ಸ್, ಹೊರಬಂದದ್ದು 1998ರಲ್ಲಿ. ಹದಿಮೂರು ಹಾಡುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಬರೆಯುವುದರಲ್ಲಿ ಆಕೆಯ ಕೈಯಿದೆ. ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಾಡಿನ ಮಟ್ಟುಗಳನ್ನೂ ಕರಿಯ ಜನರ ಬ್ಲೂಸ್ ಹಾಡುಗಳನ್ನೂ ಬೇರಾಗಿಟ್ಟುಕೊಂಡು, ಅದರ ಮೇಲೆ ರಾಕ್ ವಾದ್ಯಗಳನ್ನು ನಿಲ್ಲಿಸಿದ ಸಂಗೀತ ಇದು. ಕಬ್ಬಿನ ಗಾಡಿಗಳ ಸದ್ದು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದರ ಹೆಸರನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೆಸರಿನ ಹಾಡನ್ನೇ ನೋಡೋಣ. ಅದರಲ್ಲಿ ದುಃಖವೆಂಬ ಮಾತನ್ನು ಎಲ್ಲಿಯೂ ಎತ್ತಿ ಸಾರಿಲ್ಲ. ಅಡಿಗೆಮನೆಯಲ್ಲಿ ಬೇಯುವ ತಿಂಡಿಯ ವಾಸನೆ, ರೇಡಿಯೋದಲ್ಲಿ ಯಾರದೋ ದನಿ, ದೊಡ್ಡವರ ಪಿಸುಮಾತು, ಊರು ಬಿಡುವ ಗಡಿಬಿಡಿ. ಕಾರಿನ ಹಿಂಬದಿಯ ಆಸನದಲ್ಲಿ ನಾಲ್ಕೈದು ವರ್ಷದ ಒಂದು ಮಗು. ಮಗುವಿಗೆ ಏನೂ ಅರ್ಥವಾಗುವುದಿಲ್ಲ, ಕೇಳುವ ನಮಗೆ ಎಲ್ಲವೂ ಅರ್ಥವಾಗುತ್ತದೆ. ಲೂಸಿಂಡಾ ಅವರ ತಂದೆ ಮಿಲ್ಲರ್ ವಿಲಿಯಮ್ಸ್ ಹೆಸರಾಂತ ಕವಿ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಎರಡನೆಯ ಪ್ರಮಾಣವಚನದ ಸಮಾರಂಭದಲ್ಲಿ ಕವಿತೆ ಓದಿದವರು. ಅಧ್ಯಾಪಕ ವೃತ್ತಿಯ ಸಲುವಾಗಿ ಊರಿಂದೂರಿಗೆ ಸಂಸಾರ ಸಾಗಿಸಿದವರು. ಈ ಹಾಡನ್ನು ಮೊದಲು ಕೇಳಿದಾಗ ಅವರು ಮಗಳ ಬಳಿಗೆ ಬಂದು ಕ್ಷಮೆ ಕೇಳಿದರೆಂದು ಆಕೆಯೇ ಹೇಳಿಕೊಂಡಿದ್ದಾರೆ. ಹಾಡಿನ ಮಗು ತಾನೆಂಬುದು ಮಗಳಿಗೆ ಹೊಳೆಯುವ ಮೊದಲೇ ತಂದೆಗೆ ಹೊಳೆದಿತ್ತಂತೆ. ದೂರು ಒಂದೂ ಇಲ್ಲದ ಹಾಡು ಹೆತ್ತವನನ್ನು ಹೀಗೆ ತಟ್ಟಿತು.

ಉಳಿದ ಹಾಡುಗಳ ಮಾರ್ಗವೂ ಇದೇ. 'ಲೇಕ್ ಚಾರ್ಲ್ಸ್' ಎಂಬುದು ತೀರಿಹೋದ ಗೆಳೆಯನೊಬ್ಬನ ಹಾಡು. ಅವನು ಹುಟ್ಟಿದ್ದು ಟೆಕ್ಸಾಸಿನಲ್ಲಾದರೂ ಲೂಸಿಂಡಾ ಹುಟ್ಟಿದ ಲೇಕ್ ಚಾರ್ಲ್ಸನ್ನೇ ತನ್ನ ಊರೆಂದು ಹೇಳಿಕೊಳ್ಳುತ್ತಿದ್ದನಂತೆ. ಆ ಪುಟ್ಟ ಸುಳ್ಳಿನ ಮೇಲೆಯೇ ಇಡೀ ಶೋಕವನ್ನು ನಿಲ್ಲಿಸಿದ್ದಾರೆ. ಕೊನೆಯ ಹಾಡಾದ 'ಜ್ಯಾಕ್ಸನ್'ನಲ್ಲಿ ಒಂದೊಂದೇ ಊರು ದಾಟುತ್ತ, ಆ ಊರು ಮುಟ್ಟುವ ಹೊತ್ತಿಗೆ ನಿನ್ನ ನೆನಪಿರುವುದಿಲ್ಲ ಎನ್ನುವ ಹೆಣ್ಣಿದ್ದಾಳೆ. ಊರುಗಳ ಪಟ್ಟಿ ಬೆಳೆದಷ್ಟೂ ಅವಳ ಮಾತನ್ನು ನಂಬುವುದು ನಮಗೆ ಕಷ್ಟವಾಗುತ್ತದೆ. ದನಿಯಾದರೋ ಒರಟು. ಮಾತಿನ ತುದಿಗಳು ನುಂಗಿಹೋಗುತ್ತವೆ. ಆ ಸೀಮೆಯ ಇಂಗ್ಲಿಷು ನಮ್ಮ ಕಿವಿಗೆ ಎರಡು ಮೂರು ಸಲ ಕೇಳಿದ ಮೇಲೆಯೇ ದಕ್ಕುವುದು.

ಇಷ್ಟು 'ಹಸಿ'ಯಾಗಿ ಕೇಳಿಸುವ ಈ ಮುದ್ರಿಕೆ ಒಂದೇ ಉಸಿರಿಗೆ ಬಂದುದಲ್ಲ. 1995ರಲ್ಲಿ ಆಸ್ಟಿನ್ ನಗರದಲ್ಲಿ ಮುದ್ರಣ ಆರಂಭವಾಯಿತು. ಆಕೆಗೆ ಒಪ್ಪಿಗೆಯಾಗಲಿಲ್ಲ. ನ್ಯಾಶ್‌ವಿಲ್ಲಿನಲ್ಲಿ ಸ್ಟೀವ್ ಅರ್ಲ್, ರೇ ಕೆನಡಿ ಅವರೊಡನೆ ಮತ್ತೆ ಹಾಡಿದರು. ಆಮೇಲೆ ಲಾಸ್ ಏಂಜಲಿಸ್‌ನಲ್ಲಿ ರಾಯ್ ಬಿಟ್ಟನ್ ಅವರೊಡನೆ ಕೆಲಸ ಮುಗಿಸಿದರು. ಹಿಂದಿನ ಮುದ್ರಿಕೆ ಬಂದ 1992ರಿಂದ ಇದಕ್ಕೆ ಆರು ವರ್ಷ. ಪತ್ರಿಕೆಗಳು ಆಕೆಯನ್ನು ಹಟಮಾರಿ ಎಂದವು. ಮುದ್ರಿಕೆ ಹೊರಬಂದ ಮೇಲೆ ಅವೇ ಪತ್ರಿಕೆಗಳು ಕೊಂಡಾಡಿದವು. 1999ರಲ್ಲಿ ಸಮಕಾಲೀನ ಜಾನಪದ ವಿಭಾಗದ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅಂದರೆ ನಾವು ಹಸಿ ಎಂದು ಕರೆಯುವುದು ಹಲವು ಸಲ ಹಾಡಿ, ಹೆಚ್ಚಿನದನ್ನೆಲ್ಲ ಕಳೆದ ಮೇಲೆ ಉಳಿದದ್ದು.

ಎಲ್ಲ ಹಾಡುಗಳೂ ಈ ಎತ್ತರದಲ್ಲಿಲ್ಲವೆಂಬುದನ್ನೂ ಹೇಳಬೇಕು. ಬೇರೊಬ್ಬರು ಬರೆದ 'ಕಾಂಟ್ ಲೆಟ್ ಗೋ' ಲವಲವಿಕೆಯಿಂದ ಓಡುತ್ತದೆ, ಆದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಬಿಟ್ಟುಹೋದ ಗಂಡಸು ಮತ್ತೆ ಮತ್ತೆ ಬಂದಾಗ ಒಂದೇ ಬಾಗಿಲನ್ನು ಬಡಿದಂತೆ ತೋರುತ್ತದೆ. ಆದರೂ ಮುದ್ರಿಕೆಯ ಬೆಲೆ ಇದರಿಂದ ಕುಂದುವುದಿಲ್ಲ.

ಇದನ್ನು ಕೇಳುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಕಥನಗೀತೆ 'ಕೆರೆಗೆ ಹಾರ'. ಕೆರೆಯಲ್ಲಿ ನೀರು ಬರಲೆಂದು ಬಲಿಗೊಟ್ಟ ಕಿರಿಯ ಸೊಸೆ ಭಾಗೀರಥಿ ತವರಿಗೆ ಹೋದಾಗ ತಂದೆತಾಯಿಗೆ ನಿಜ ಹೇಳುವುದಿಲ್ಲ. ಅತ್ತೆಮನೆಯವರು ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ಉಳಿದ ಮಾತು. ಕೊನೆಯಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಮೈಗೆ ಏರುವುದನ್ನು ಹಾಡು ಲೆಕ್ಕವಿಟ್ಟು ಹೇಳುತ್ತದೆ, ಅಳುವುದಿಲ್ಲ. ಇಂಥ ಸಂಯಮ ತಾನಾಗಿ ಬಾಯಿಗೆ ಬಂದುದೆಂದು ಹೇಳುವುದು ಸಾಧ್ಯವೆ? ಎಷ್ಟು ಹೆಂಗಸರು, ಎಷ್ಟು ಬೆಳಗಿನ ಜಾವ ಬೀಸುತ್ತ ಕುಟ್ಟುತ್ತ ಇಂಥ ಹಾಡುಗಳನ್ನು ತಿದ್ದಿದರೋ! ಲೂಸಿಂಡಾ ಆರು ವರ್ಷ ಮಾಡಿದ ಕೆಲಸವನ್ನು ಇವರು ತಲೆಮಾರುಗಳ ಕಾಲ ಮಾಡಿದ್ದಾರೆ.

ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದರು. ನಮ್ಮ ಜಿಲ್ಲೆಯ ಬಂಡಿಹೊಳೆಯ ಅರ್ಚಕ ರಂಗಸ್ವಾಮಿಯವರು 1933ರಲ್ಲಿ ತಮ್ಮ ಹುಟ್ಟಿದ ಹಳ್ಳಿಯ ಹಾಡುಗಳನ್ನು ಅಚ್ಚು ಮಾಡಿಸಿದರು. ಈ ಮಹನೀಯರ ಉಪಕಾರ ದೊಡ್ಡದು. ಆದರೆ ಆಮೇಲೆ ನಾವು ಮಾಡಿದ್ದೇನು? ಜಾನಪದವೆಂದು ಹೆಸರಿಟ್ಟು, ಎಲ್ಲರದೂ ಎಂದು ಸಾರಿ, ಯಾರದೂ ಅಲ್ಲದಂತೆ ಮಾಡಿದೆವು. ವೇದಿಕೆಯಲ್ಲಿ, ಕ್ಯಾಸೆಟ್ಟಿನಲ್ಲಿ ಅದೇ ತ್ರಿಪದಿಗಳು ಬಂದಾಗ ಹಾರ್ಮೋನಿಯಂ, ಕೊಳಲು, ತಾಳದ ಯಂತ್ರಗಳ ನಡುವೆ ದನಿಯ ಒರಟನ್ನೆಲ್ಲ ಉಜ್ಜಿ ನಯ ಮಾಡಿದರು. ಲೂಸಿಂಡಾ ಹಟ ಹಿಡಿದು ಉಳಿಸಿಕೊಂಡದ್ದು ಆ ಒರಟನ್ನೇ. ಹಟ ಹಿಡಿಯಲು ಆಕೆಗೆ ಹೆಸರಿತ್ತು, ಹಾಡು ನನ್ನದೆಂಬ ಹಕ್ಕಿತ್ತು. ಹೆಸರಿಲ್ಲದವಳ ಪರವಾಗಿ ಹಟ ಹಿಡಿಯುವವರು ಯಾರು?

ಆ ದಿನ ಸಂಜೆ ದೊಡ್ಡವ್ವನನ್ನು ಹಾಡೆಂದು ಕೇಳಿದೆ. ಅವಳು, "ಕಲ್ಲು ತಿರುಗ್ದೆ ಪದ ಬರಕಿಲ್ಲ ಕಣ್ ಮಗ," ಎಂದಳು. ಹಿಟ್ಟಿನ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ರಾಗಿಕಲ್ಲನ್ನು ಒರೆಸಿ ಇಟ್ಟೆವು. ನಾಲ್ಕು ಹಿಡಿ ರಾಗಿ ಹಾಕಿ ಬೀಸತೊಡಗಿದಳು. ಕಲ್ಲಿನ ಗರಗರ ಸದ್ದಿನೊಳಗಿಂದ ದನಿ ಎದ್ದಿತು. ಹತ್ತು ಹನ್ನೆರಡು ಪದವಾದ ಮೇಲೆ, ಇವನ್ನು ಕಟ್ಟಿದವರಾರು ಎಂದು ಕೇಳಿದೆ.

"ಯಾರೋ ಹಿಂದ್ಲೋರು," ಎಂದಳು. ಎರಡು ಸುತ್ತು ಬೀಸಿ, "ಒಂದು ನಂದೆಯ," ಎಂದು ಸೇರಿಸಿದಳು.

ಯಾವುದೆಂದು ಕೇಳಿದೆ. ತಮ್ಮನ ಗಾಡಿ ತವರಿನಿಂದ ಬರದೆ ಹೋದ ವರ್ಷದ ಪದವನ್ನು ಮತ್ತೊಮ್ಮೆ ಹಾಡಿದಳು. ಎಪ್ಪತ್ತು ದಾಟಿದ ಅವಳನ್ನು ಈ ಪ್ರಶ್ನೆ ಹಿಂದೆ ಯಾರೂ ಕೇಳಿರಲಿಲ್ಲವಂತೆ. ಪದವನ್ನು ಬರೆದುಕೊಂಡು, ಕೆಳಗೆ ಅವಳ ಹೆಸರನ್ನೂ ಊರಿನ ಹೆಸರನ್ನೂ ಬರೆದಿಟ್ಟೆ.