ಬಂಡೆ, ಹೊಳೆ ಮತ್ತು ಚಿತ್ರದ ಅಡಿಬರಹ

ನಮ್ಮ ಸಾಹಿತ್ಯ ವಿಮರ್ಶೆ ಕವಿತೆಯನ್ನು ಓದುವುದಕ್ಕೆ ಕಲಿಸಿದೆ, ಕಥೆಯನ್ನು ಓದುವುದಕ್ಕೆ ಕಲಿಸಿದೆ. ಆದರೆ ಒಂದು ಛಾಯಾಚಿತ್ರವನ್ನು, ಅದರಲ್ಲೂ ಮನುಷ್ಯನಿಲ್ಲದ ಬರಿಯ ನೆಲದ ಛಾಯಾಚಿತ್ರವನ್ನು ಓದುವುದು ಹೇಗೆಂದು ಹೇಳಿಕೊಟ್ಟದ್ದು ಕಡಿಮೆ. ಬೆಟ್ಟದ ಚಿತ್ರ ಕಂಡರೆ ‘ಸುಂದರವಾಗಿದೆ’ ಎಂದು ಪುಟ ತಿರುಗಿಸುವುದು ನಮ್ಮ ರೂಢಿ. ಆ ಬೆಟ್ಟ ಇಲ್ಲವಾದ ಮೇಲೆ ಅದೇ ಚಿತ್ರ ಸಾಕ್ಷಿಯಾಗುತ್ತದೆ. ಸೌಂದರ್ಯಕ್ಕೂ ಸಾಕ್ಷ್ಯಕ್ಕೂ ನಡುವಿನ ಈ ಅಂತರವನ್ನು ಅಳೆಯಲು ಹೊಸೂರು–ಕೃಷ್ಣಗಿರಿ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಹೊಸೂರು ಮದ್ರಾಸು ರಾಜ್ಯದಲ್ಲೇ ಉಳಿಯಿತು. ಎರಡೂ ಕಡೆ ಕನ್ನಡದ ಮನೆಗಳು ಗಡಿಯ ಆಚೆ ಉಳಿದುವು. ಆದ್ದರಿಂದ ಅಲ್ಲಿಯ ನೆಲದ ಮಾತು ನಮಗೆ ಪರರ ಮಾತಲ್ಲ.

ಆ ಸೀಮೆಯ ಚಿತ್ರಚರಿತ್ರೆ ಛಾಯಾಚಿತ್ರಕ್ಕಿಂತ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಹೊಸೂರು ಮತ್ತು ರಾಯಕೋಟೆಗಳು ಇಂಗ್ಲಿಷರ ವಶವಾದುವು. ಮರುವರ್ಷವೇ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು ಈ ದಾರಿಯಲ್ಲಿ ಸಾಗಿದರು. ಅವರ ಚಿತ್ರಮಾಲೆಯಲ್ಲಿ ಹೊಸೂರಿದೆ, ರಾಯಕೋಟೆಯಿದೆ, ಬಾರಾಮಹಲಿನ ಇತರ ಗಿರಿದುರ್ಗಗಳಿವೆ. ದೃಶ್ಯವನ್ನು ಕಾಗದದ ಮೇಲೆ ಬೀಳಿಸುವ ‘ಕ್ಯಾಮರಾ ಅಬ್ಸ್ಕ್ಯೂರಾ’ ಪೆಟ್ಟಿಗೆಯನ್ನು ಅವರು ಬಳಸುತ್ತಿದ್ದರು. ಆದುದರಿಂದ ಬೆಟ್ಟದ ಹೊರರೇಖೆಯನ್ನು ಒಂದು ಮಟ್ಟಿಗೆ ನಂಬಬಹುದು. ಆದರೆ ರೇಖೆಯ ಒಳಗಿನದನ್ನು ನಂಬುವಂತಿಲ್ಲ. ತನಗೆ ಬೇಡವಾದ ಬಿರುಕನ್ನು, ಕಲೆಯನ್ನು, ಉರುಳಿಬಿದ್ದ ಗುಂಡನ್ನು ಚಿತ್ರಕಾರ ಬಿಟ್ಟುಬಿಡಬಲ್ಲ. ಭೂವಿಜ್ಞಾನಿಗೆ ಬೇಕಾದದ್ದು ಆ ಬಿಟ್ಟುಹೋದದ್ದೇ.

ಇಲ್ಲಿಗೆ ಛಾಯಾಚಿತ್ರ ಬಂದದ್ದು 1857–58ರಲ್ಲಿ. ಮದ್ರಾಸು ಪ್ರೆಸಿಡೆನ್ಸಿ ಸರಕಾರದ ಛಾಯಾಚಿತ್ರಕಾರನಾಗಿ ನೇಮಕಗೊಂಡಿದ್ದ ಕ್ಯಾಪ್ಟನ್ ಲಿನ್ನೇಯಸ್ ಟ್ರೈಪ್, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಹೊರಿಸಿಕೊಂಡು ಬೆಂಗಳೂರಿನಿಂದ ದಕ್ಷಿಣಕ್ಕೆ ಪ್ರವಾಸ ಹೊರಟ. ಮಧುರೆ, ತಂಜಾವೂರು, ಶ್ರೀರಂಗಗಳ ಅವನ ಸಂಪುಟಗಳನ್ನು ಕಲಾಚರಿತ್ರೆಕಾರರು ಕೊಂಡಾಡುತ್ತಾರೆ. ಅದೇ ಪ್ರವಾಸದ ಫಲವಾಗಿ 1858ರಲ್ಲಿ ಹೊರಬಂದ ಇನ್ನೊಂದು ಸಣ್ಣ ಸಂಪುಟವಿದೆ: ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಸ್ಥಳಗಳ ನೋಟಗಳು. ಹೊಸೂರು, ಕೃಷ್ಣಗಿರಿಗಳೆಲ್ಲ ಆಗ ಸೇಲಂ ಜಿಲ್ಲೆಗೆ ಸೇರಿದ್ದುವು. ಧರ್ಮಪುರಿ ಬೇರೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಟ್ರೈಪನ ಕೆಲಸಗಳ ದೊಡ್ಡ ಪ್ರದರ್ಶನ 2014–15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ನುಗಳಲ್ಲಿ ನಡೆಯಿತು. ಅವನಿಗೆ ಸಂದ ಆ ಮನ್ನಣೆ ಮುಖ್ಯವಾಗಿ ದೇವಾಲಯಗಳ ಛಾಯಾಚಿತ್ರಕಾರನಿಗೆ ಸಂದದ್ದು.

ಟ್ರೈಪನ ಉದ್ದೇಶವನ್ನು ಗಮನಿಸಬೇಕು. ಪುರಾತತ್ವಜ್ಞ, ವಾಸ್ತುಶಿಲ್ಪಿ, ಶಿಲ್ಪಿ, ಪುರಾಣಾಭ್ಯಾಸಿ, ಇತಿಹಾಸಕಾರ – ಇವರಿಗೆ ಪ್ರಯೋಜನವಾಗುವ ವಸ್ತುಗಳನ್ನು ಅವು ಕಣ್ಮರೆಯಾಗುವ ಮುನ್ನ ಸೆರೆಹಿಡಿಯುವುದು ಅವನ ಮೊದಲ ಗುರಿ. ಈ ಪಟ್ಟಿಯಲ್ಲಿ ಭೂವಿಜ್ಞಾನಿಯಿಲ್ಲ. ಕಣ್ಮರೆಯಾಗುವುದು ಕಟ್ಟಡ, ಬೆಟ್ಟವಲ್ಲ ಎಂಬುದು ಆ ಕಾಲದ ಗ್ರಹಿಕೆ. ಕಲ್ಲುಬಂಡೆಗಿಂತ ಶಾಶ್ವತವಾದದ್ದು ಏನಿದೆ? ಆದ್ದರಿಂದ ಅವನಿಗೆ ರಾಯಕೋಟೆಯ ಕೋಟೆ ವಿಷಯ, ಬಂಡೆ ಹಿನ್ನೆಲೆ. ಆದರೆ ಕ್ಯಾಮರಾಕ್ಕೆ ಹಿನ್ನೆಲೆಯನ್ನು ಬಿಟ್ಟುಬಿಡುವ ಶಕ್ತಿಯಿಲ್ಲ. ಟ್ರೈಪ್ ಬೇಕೆಂದು ತೆಗೆದದ್ದಕ್ಕಿಂತ, ಬೇಡದೆಯೂ ಅವನ ಕಾಗದದ ಮೇಲೆ ಬಿದ್ದದ್ದು ಈಗ ಹೆಚ್ಚು ಬೆಲೆಯುಳ್ಳದ್ದಾಗಿದೆ. ಕೋಟೆಯ ವಿವರ ಯುದ್ಧದ ಕಡತಗಳಲ್ಲೂ ಸಿಗುತ್ತದೆ. ಒಂದೂವರೆ ಶತಮಾನಕ್ಕೂ ಹಿಂದಿನ ಬೆಟ್ಟದ ಮೈ ಇನ್ನೆಲ್ಲಿ ಸಿಕ್ಕೀತು?

ಹಾಗೆಂದು ಆ ಚಿತ್ರಗಳನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆ ಕಾಲದ ನೆಗೆಟಿವ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು. ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತಿತ್ತು. 1855ರ ಬರ್ಮಾ ಪ್ರವಾಸದ ನೆಗೆಟಿವ್‌ಗಳ ಮೇಲೆ ಟ್ರೈಪ್ ಕುಂಚದಿಂದ ಮೋಡಗಳನ್ನು ಬರೆದದ್ದುಂಟು. ಬೆಳಕಿಗೊಡ್ಡುವ ಅವಧಿ ದೀರ್ಘವಾಗಿದ್ದುದರಿಂದ ನಡೆಯುವ ಮನುಷ್ಯ ಮಾಯವಾಗುತ್ತಾನೆ, ಹರಿಯುವ ನೀರು ಹಾಲಿನಂತೆ ನುಣ್ಣಗಾಗುತ್ತದೆ. ನಿಶ್ಚಲವಾಗಿ ನಿಂತ ಬಂಡೆಯೊಂದೇ ಚಿತ್ರದಲ್ಲಿ ಸತ್ಯವಾಗಿ ಉಳಿಯುತ್ತದೆ. ಈ ಚಿತ್ರಗಳಲ್ಲಿ ಊರು ನಿರ್ಜನವಾಗಿ ಕಂಡರೆ ಅದು ಊರಿನ ಸ್ಥಿತಿಯಲ್ಲ, ತಂತ್ರದ ಮಿತಿ. ವಿಮರ್ಶಕ ಮರೆಯಬಾರದ ಸಂಗತಿ ಇದು.

*

ಕ್ಷೇತ್ರಕಾರ್ಯಕ್ಕೆ ಹೊರಟ ಭೂವಿಜ್ಞಾನಿಯ ಚಿತ್ರ ಬೇರೆ ಜಾತಿಯದು. ಅದರಲ್ಲಿ ಬಂಡೆಯ ಮೇಲೆ ಒಂದು ಸುತ್ತಿಗೆಯೋ ನಾಣ್ಯವೋ ಇರುತ್ತದೆ, ಅಂದಕ್ಕಲ್ಲ, ಅಳತೆಗೆ. ಯಾವ ಊರು, ಯಾವ ದಿಕ್ಕಿಗೆ ಮುಖ, ಯಾವ ದಿನ ಎಂಬುದು ಟಿಪ್ಪಣಿ ಪುಸ್ತಕದಲ್ಲಿರುತ್ತದೆ. ಚಿತ್ರ ಮತ್ತು ಟಿಪ್ಪಣಿ ಸೇರಿದಾಗಲೇ ಸಾಕ್ಷ್ಯ ಪೂರ್ಣ.

ಇದಕ್ಕೆ ಕನ್ನಡ ನಾಡಿನದೇ ಪ್ರಸಿದ್ಧ ನಿದರ್ಶನ ಕನಕಪುರದ ಬಳಿಯ ಕಬ್ಬಾಳ. ಅಲ್ಲಿಯ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸ್ ಶಿಲೆಯ ನಡುವೆ ಎಣ್ಣೆ ಸವರಿದಂಥ ಕಡುಹಸಿರು ಮಚ್ಚೆಗಳಿವೆ, ಅವು ಚಾರ್ನೊಕೈಟ್. ಕಲ್ಕತ್ತೆಯ ಜಾಬ್ ಚಾರ್ನಾಕನ ಗೋರಿಕಲ್ಲಿನಿಂದ ಆ ಶಿಲೆಗೆ ಈ ಹೆಸರು ಬಂತು. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಬ್ಬಾಳದ ಕುರಿತು ಬರೆದರು: ಒಂದು ಶಿಲೆ ಇನ್ನೊಂದಾಗಿ ಮಾರ್ಪಡುತ್ತಿದ್ದಾಗ, ಆ ಕ್ರಿಯೆ ಅರ್ಧದಲ್ಲೇ ನಿಂತುಹೋದುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಗರ್ಭದ ಆಳದಲ್ಲಿ ನಡೆದ ಕ್ರಿಯೆ ಅದು. ಈ ಪರಿವರ್ತನೆಯ ವಲಯ ಕಬ್ಬಾಳದಲ್ಲೇ ಮುಗಿಯದು. ರಾಜ್ಯದ ಗಡಿಯನ್ನು ಲೆಕ್ಕಿಸದೆ ಕೃಷ್ಣಗಿರಿಯ ಕಡೆಗೂ ಸಾಗುತ್ತದೆ. ನಕ್ಷೆಯ ಗೆರೆ ಬಂಡೆಗೆ ಗೊತ್ತಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಕಬ್ಬಾಳದ ಶಿಲೆಯ ಒಳಮೈ ತೆರೆದು ತೋರಿಸಿದ್ದು ಕಲ್ಲು ಒಡೆಯುವವರ ಉಳಿಯೇ. ಗಣಿ ಇಲ್ಲದಿದ್ದರೆ ಆ ಮಚ್ಚೆಗಳು ಮಣ್ಣು, ಪಾಚಿ, ಹವೆಯ ಕಪ್ಪಿನ ಅಡಿಯಲ್ಲಿ ಮುಚ್ಚಿಹೋಗಿರುತ್ತಿದ್ದುವು. ಕೆಲಸ ಮುಂದುವರಿದರೆ ಅದೇ ಉಳಿ ಆ ಸಾಕ್ಷ್ಯವನ್ನು ಅಳಿಸುತ್ತದೆ. ತೋರಿಸುವ ಕೈಯೇ ಅಳಿಸುವ ಕೈ. ಈ ಎರಡರ ನಡುವಿನ ಸಣ್ಣ ಕಾಲಾವಕಾಶದಲ್ಲಿ ಭೂವಿಜ್ಞಾನಿಯ ಛಾಯಾಚಿತ್ರ ಹುಟ್ಟುತ್ತದೆ. ‘ಗಣಿ ಕೆಟ್ಟದ್ದು, ಬೆಟ್ಟ ಒಳ್ಳೆಯದು’ ಎಂಬ ಸರಳ ಪಾಠವನ್ನು ಈ ಚಿತ್ರಗಳಿಂದ ಹೊರಡಿಸುವವರು ಈ ತೊಡಕನ್ನು ನೆನೆಯಬೇಕು.

ಆದರೆ ತೊಡಕಿದೆಯೆಂದು ಸುಮ್ಮನಿರುವಂತೆಯೂ ಇಲ್ಲ. ಕೃಷ್ಣಗಿರಿ, ಬರಗೂರು ಸುತ್ತಿನ ಬಹುವರ್ಣದ ಶಿಲೆ ‘ಪ್ಯಾರಡೈಸೊ’ ಎಂಬ ಹೆಸರಿನಿಂದ ಹೊರದೇಶಗಳಿಗೆ ಹೋಗುತ್ತದೆ. ವಜ್ರದ ತಂತಿಯಿಂದ ಕೊಯ್ದ ಬೆಟ್ಟದ ಚಿತ್ರವನ್ನು ನೋಡಿದವರು ಮರೆಯಲಾರರು: ಗೋಡೆಯಂತೆ ನೆಟ್ಟಗಿನ ಮೈ, ಕೊರೆದ ಕುಳಿಗಳ ಸಮಾನಾಂತರ ಗೆರೆಗಳು, ಕೆಳಗೆ ಹಸಿರು ನೀರು ನಿಂತ ಹೊಂಡ. ಮಳೆ ಬಿಸಿಲುಗಳು ಬಂಡೆಯನ್ನು ಈರುಳ್ಳಿಯ ಪದರದಂತೆ ಸುಲಿದು ದುಂಡಗೆ ಮಾಡುತ್ತವೆ. ಯಂತ್ರ ಚೌಕ ಮಾಡುತ್ತದೆ. ನೆಲದಲ್ಲಿ ದುಂಡು ಕಂಡರೆ ಕಾಲದ ಕೆಲಸ, ಚೌಕ ಕಂಡರೆ ಮನುಷ್ಯನ ಕೆಲಸ ಎಂದು ಓದಬಹುದು.

ರಾಯಕೋಟೆಯ ಬೆಟ್ಟ ಮಾತ್ರ ಇಂದಿಗೂ ನಿಂತಿದೆ. ಅದು ಬಂಡೆಯಾದುದರಿಂದಲ್ಲ, ಕೋಟೆಯಾದುದರಿಂದ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂಬ ನಿಯಮ 1992ರಿಂದ ಇದೆ. ಟ್ರೈಪ್ ಬಂಡೆಯನ್ನು ಹಿನ್ನೆಲೆಯಾಗಿ ಕಂಡ; ಕಾನೂನು ಕೂಡ ಹಾಗೆಯೇ ಕಾಣುತ್ತದೆ. ಕೋಟೆಯಿಲ್ಲದ, ಗುಡಿಯಿಲ್ಲದ ಗುಡ್ಡಕ್ಕೆ ಅಂಥ ರಕ್ಷಣೆಯಿಲ್ಲ. ಅಂಥವನ್ನು ಯಾರೂ ಚಿತ್ರ ತೆಗೆದಿಡುವುದಿಲ್ಲ. ಹೋದಾಗ ಹೋಯಿತೆಂದು ತೋರಿಸಲು ಆಧಾರವೂ ಇರುವುದಿಲ್ಲ.

*

ತೊರಪಲ್ಲಿ ಅಗ್ರಹಾರದ ಮಾತನ್ನು ಇಲ್ಲಿ ಎತ್ತಬೇಕು. ಹೊಸೂರಿನ ಹತ್ತಿರದ ಈ ಹಳ್ಳಿ, ಸಿ. ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ ಊರು. ಅವರ ಹುಟ್ಟುಮನೆ ಸ್ಮಾರಕವಾಗಿದೆ. ಬಂದವರು ಅದರ ಚಿತ್ರ ತೆಗೆಯುತ್ತಾರೆ. ಊರ ಬದಿಯ ಹೊಳೆಗೆ ಹೆಸರುಗಳು ಹಲವು: ಕನ್ನಡದಲ್ಲಿ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ, ಭೂಪಟದಲ್ಲಿ ದಕ್ಷಿಣ ಪೆನ್ನಾರ್. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವಭಾಗದ ನೀರನ್ನು ಹೊತ್ತು, ಕೆಲವರಪಲ್ಲಿ ಅಣೆಕಟ್ಟನ್ನು ದಾಟಿ ಅದು ಹರಿಯುತ್ತದೆ.

ಈ ಹೊಳೆಯ ಚಿತ್ರ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬಂದದ್ದು ನೊರೆ ಎದ್ದಾಗ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಬೆಳ್ಳಂದೂರಿನಿಂದ ವರ್ತೂರು, ವರ್ತೂರಿನಿಂದ ಈ ಹೊಳೆ. ಸಾಬೂನುಪುಡಿಯ ಅಂಶವಿರುವ ಕೊಳಚೆನೀರು ಅಣೆಕಟ್ಟಿನ ಬಾಗಿಲಿನಿಂದ ರಭಸವಾಗಿ ಬಿದ್ದಾಗ ಗಾಳಿ ಸೇರಿ ನೊರೆ ಮೇಲೇಳುತ್ತದೆ. ಆ ಚಿತ್ರಗಳನ್ನು ವಿಮರ್ಶೆಯ ಕಣ್ಣಿನಿಂದ ನೋಡಿದರೆ ಒಂದು ದೋಷ ಎದ್ದು ಕಾಣುತ್ತದೆ: ಅವು ತೀರ ಸುಂದರವಾಗಿವೆ. ಹಿಮಾಲಯದ ಹಿಮವೋ ಎಂಬ ಬಿಳುಪು. ವಾಸನೆ ಚಿತ್ರದಲ್ಲಿಲ್ಲ, ಮೇಲ್ಹರಿವಿನ ನಗರ ಚಿತ್ರದಲ್ಲಿಲ್ಲ, ಕೆಳಹರಿವಿನ ಗದ್ದೆ ಚಿತ್ರದಲ್ಲಿಲ್ಲ. ಕಾರಣವನ್ನು ಹೇಳುವ ಹೊಣೆಯೆಲ್ಲ ಅಡಿಬರಹದ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ನೊರೆಗೆ ಮುಂಚಿನ ಹೊಳೆಯ ಚಿತ್ರ. ಸಾಧಾರಣವಾಗಿ ಹರಿಯುವ ಹೊಳೆಯನ್ನು ಯಾರೂ ಸುದ್ದಿಯೆಂದು ಎಣಿಸಲಿಲ್ಲ. ಹೋಲಿಸಲು ಹಿಂದಿನ ಚಿತ್ರ ಇಲ್ಲದಲ್ಲಿ ‘ಹಿಂದೆ ಹೀಗಿರಲಿಲ್ಲ’ ಎಂಬ ಹಿರಿಯರ ಮಾತು ಬರಿಯ ಹಳಹಳಿಕೆಯೆಂದು ತಳ್ಳಲ್ಪಡುತ್ತದೆ.

ಹೋಲಿಕೆಯ ಶಾಸ್ತ್ರ ಬೆಳೆದಿದೆ. ಅಮೆರಿಕದಲ್ಲಿ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು 1977ರಿಂದ 1979ರ ವರೆಗೆ, 19ನೆಯ ಶತಮಾನದ ಭೂಸಮೀಕ್ಷೆಯ ಛಾಯಾಚಿತ್ರಕಾರರು ನಿಂತ ಜಾಗಗಳನ್ನೇ ಹುಡುಕಿ ನೂರಕ್ಕೂ ಹೆಚ್ಚು ನೋಟಗಳನ್ನು ಮರುಚಿತ್ರಿಸಿದರು. ವಿಧಾನ ಸರಳ, ತಾಳ್ಮೆ ಬೇಡುವಂಥದು. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ಕಲ್ಲಿನ ತುದಿ ದೂರದ ಬೆಟ್ಟದ ಯಾವ ಬಿಂದುವಿನ ಕೆಳಗೆ ಬಂದಿದೆಯೆಂದು ನೋಡುವುದು. ಅದೇ ಸಂಬಂಧ ಕೂಡಿಬರುವ ತನಕ ಹೆಜ್ಜೆ ಹೆಜ್ಜೆಯಾಗಿ ಸರಿಯುವುದು. ಅದೇ ಋತು, ಅದೇ ಹೊತ್ತಿನ ನೆರಳಿಗಾಗಿ ಕಾಯುವುದು. ಹೀಗೆ ನಿಂತಾಗ ಹಳಬರ ಗುಟ್ಟುಗಳೂ ಹೊರಬಿದ್ದುವು. ತಿಮೊಥಿ ಓಸಲಿವನ್ 1869ರಲ್ಲಿ ಯೂಟಾದ ‘ವಿಚಸ್ ರಾಕ್ಸ್’ ಬಂಡೆಗಳನ್ನು ತೆಗೆದಾಗ ಕ್ಯಾಮರಾವನ್ನೇ ಓರೆ ಹಿಡಿದಿದ್ದ. ಮರುಚಿತ್ರಣ ನೆಲವನ್ನು ಮಾತ್ರವಲ್ಲ, ಹಿಂದಿನ ಚಿತ್ರಕಾರನನ್ನೂ ವಿಮರ್ಶಿಸುತ್ತದೆ. ಟ್ರೈಪನ ರಾಯಕೋಟೆಗೂ ಇಂಥ ಓದು ಸಲ್ಲಬೇಕು.

*

ಕಾಸರಗೋಡಿನ ಓದುಗನಿಗೆ ಇದರಿಂದ ಏನು? ನಮ್ಮ ಕಾಲ ಕೆಳಗಿನ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿಸ್ ಬುಕನನ್. ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಅವನು 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ, ಮೆದುವಾಗಿದ್ದಾಗ ಕತ್ತರಿಸಿ ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ಕರೆದ. ನಮ್ಮ ಮನೆ, ಬೇಕಲದ ಕೋಟೆ, ನಾವು ತೋಡಿದ ಸುರಂಗ ಎಲ್ಲವೂ ಆ ಕಲ್ಲಿನವೇ. ಇಂದು ನಮ್ಮ ಪದವುಗಳಲ್ಲಿ ಯಂತ್ರ ಕೊಯ್ದ ಚೌಕ ಹೊಂಡಗಳು ಕೃಷ್ಣಗಿರಿಯ ಹೊಂಡಗಳ ತಮ್ಮಂದಿರಂತಿವೆ.

ನೆಲದೊಡನೆ ಹೆಸರೂ ಹೋಗುತ್ತದೆ ಎಂಬುದು ಭಾಷಾ ಅಲ್ಪಸಂಖ್ಯಾತರಾದ ನಮ್ಮ ವಿಶೇಷ ಆತಂಕ. ಟ್ರೈಪನ ಅಡಿಬರಹಗಳಲ್ಲಿ ರಾಯಕೋಟೆ ಇಂಗ್ಲಿಷ್ ಕಿವಿಗೆ ಬಿದ್ದಂತೆ ‘ರಾಯಕೊಟ್ಟಾ’ ಆಗಿದೆ. ಕಾಸರಗೋಡಿನ ಕನ್ನಡ ಸ್ಥಳನಾಮಗಳನ್ನು ಬದಲಿಸಲಾಗುತ್ತಿದೆಯೆಂಬ ಮಾತು 2021ರಲ್ಲಿ ಎದ್ದು, ಕೇರಳ ಸರಕಾರ ಅದನ್ನು ನಿರಾಕರಿಸಿದ್ದು ನಮಗೆಲ್ಲ ನೆನಪಿದೆ. ಸರಕಾರದ ಫಲಕದ ಮೇಲಿನ ಹೆಸರಿಗಾಗಿ ನಾವು ಮನವಿ ಕೊಡುತ್ತೇವೆ, ಕೊಡಬೇಕು. ಆದರೆ ಪದವಿನ, ಪಳ್ಳದ, ಗುಡ್ಡದ, ಗದ್ದೆಯ ಬೈಲಿನ ಹೆಸರುಗಳಿಗೆ ಫಲಕವೇ ಇಲ್ಲ. ಜಾಗ ಕೊಯ್ದುಹೋದ ದಿನ ಆ ಹೆಸರನ್ನು ಹೇಳಲು ಕಾರಣವೇ ಇರುವುದಿಲ್ಲ. ಒಂದು ತಲೆಮಾರು ದಾಟಿದರೆ ಹೇಳುವವರೂ ಇರುವುದಿಲ್ಲ.

ನಮ್ಮ ಮನೆಗಳ ಆಲ್ಬಮ್ಮುಗಳಲ್ಲಿ ಮದುವೆ, ಗೃಹಪ್ರವೇಶ, ಶಾಲೆಯ ಗುಂಪುಚಿತ್ರಗಳಿವೆ. ಅವುಗಳ ಹಿನ್ನೆಲೆಯಲ್ಲಿ, ಯಾರೂ ಗಮನಿಸದೆ, ಗುಡ್ಡವಿದೆ, ತೋಡಿದೆ, ಬೋಳು ಪದವಿದೆ. ಟ್ರೈಪನ ಬಂಡೆಯಂತೆ ಅವೂ ಬೇಡದೆ ಬಿದ್ದ ಸಾಕ್ಷ್ಯಗಳೇ. ಅವನ್ನು ಹೊರತೆಗೆದು ಹಿರಿಯರನ್ನು ಕೇಳಿ ಬೆನ್ನಿಗೆ ಬರೆದಿಡುವುದು ದೊಡ್ಡ ಸಂಶೋಧನೆಯೇನಲ್ಲ: ಯಾವ ಜಾಗ, ಮನೆಮಾತಿನಲ್ಲಿ ಅದರ ಹೆಸರೇನು, ಯಾವ ದಿಕ್ಕು, ಯಾವ ವರ್ಷ. ಮಲಯಾಳದಲ್ಲಿ, ತುಳುವಿನಲ್ಲಿ ನೆರೆಯವರು ಕರೆಯುವ ಹೆಸರನ್ನೂ ಸೇರಿಸಬೇಕು; ತೊರಪಲ್ಲಿಯ ಹೊಳೆಯಂತೆ ಹಲವು ಹೆಸರು ಹೊತ್ತರೆ ಜಾಗಕ್ಕೆ ಭಾರವಾಗುವುದಿಲ್ಲ. ಮುಂದೆ ಯಾರಾದರೂ ಅದೇ ಜಾಗದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆಯಬೇಕಾದರೆ ಈ ನಾಲ್ಕು ಸಾಲು ಬೇಕೇ ಬೇಕು. ಚಿತ್ರವನ್ನು ಕ್ಯಾಮರಾ ತೆಗೆಯುತ್ತದೆ. ಅಡಿಬರಹವನ್ನು ಮಾತ್ರ ನಾವೇ ಬರೆಯಬೇಕು.