ಆಕಾಶವಾಣಿಯ ದಿಕ್ಕು: ಪರಿಭಾಷೆಯ ಒಂದು ವಿಮರ್ಶೆ

ಹೊಸ ಶಾಸ್ತ್ರಗಳೊಡನೆ ಬಂದ ಹೆಸರುಗಳಲ್ಲಿ ‘ಆಕಾಶವಾಣಿ’ಯಷ್ಟು ಬೇಗನೆ ಜನಮನವನ್ನು ಹೊಕ್ಕುದು ವಿರಳ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ತೆರೆದ ಪ್ರಸಾರಕೇಂದ್ರಕ್ಕೆ ಸಂದ ಈ ಹೆಸರು ಮುಂದೆ ಭಾರತದ ಪ್ರಸಾರಸಂಸ್ಥೆಗೇ ಆಯಿತು. ಪುರಾಣಗಳ ಅಶರೀರವಾಣಿಯ ನೆನಪು ಅದರ ಬಲ. ಆದರೆ ಅಶರೀರವಾಣಿಗೆ ಊರಿಲ್ಲ, ದಿಕ್ಕಿಲ್ಲ. ರೇಡಿಯೋ ಪ್ರೇಷಕಕ್ಕೆ ಎರಡೂ ಉಂಟು. ಪ್ರೇಷಕವಿರುವ ಎಡೆಯನ್ನು ಅರಸುವ ಆಂಟೆನಾವನ್ನು ಕನ್ನಡದಲ್ಲಿ ವಿವರಿಸಹೊರಟವನಿಗೆ ಈ ತೊಡಕು ಮೊದಲು ಎದುರಾಗುವುದು.

ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಉಪಾಧ್ಯಾಯನೊಬ್ಬನು ಇದನ್ನು ಮಕ್ಕಳಿಗೆ ಕಲಿಸಬೇಕಾಗಿದೆ ಎನ್ನೋಣ. ಒಂದು ಚಿಕ್ಕ ಟ್ರಾನ್ಸಿಸ್ಟರ್ ಸಾಕು. ಅದರೊಳಗೆ ಉದ್ದಕ್ಕೆ ಮಲಗಿರುವ, ತಂತಿ ಸುತ್ತಿದ ಫೆರೈಟ್ ಕಡ್ಡಿಯೇ ಮಧ್ಯಮತರಂಗದ ಆಂಟೆನಾ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರವನ್ನು ಹಿಡಿದು ಪೆಟ್ಟಿಗೆಯನ್ನು ಮೆಲ್ಲನೆ ತಿರುಗಿಸಿದರೆ, ಕಡ್ಡಿಯ ತುದಿ ದಕ್ಷಿಣಕ್ಕೆ, ಎಂದರೆ ಧಾರವಾಡದ ಕಡೆಗೆ, ಬಂದಾಗ ದನಿ ಕುಗ್ಗುವುದು. ದನಿ ಹೆಚ್ಚುವ ನೆಲೆ ಅಗಲವಾದುದು. ಅಡಗುವ ನೆಲೆ ಸೂಜಿಯ ಮೊನೆಯಂಥದು. ಆದುದರಿಂದ ಕಿವಿ ಎರಡನೆಯದನ್ನೇ ನೆಚ್ಚಬೇಕು. ಕಡ್ಡಿಯ ಮತ್ತೊಂದು ತುದಿ ಉತ್ತರಕ್ಕಿರುವುದರಿಂದ ಸಂಶಯ ಉಳಿಯುವುದು ನಿಜ. ದೂರದ ಬಳ್ಳಾರಿಯಿಂದಲೂ ಹೀಗೆಯೇ ನೋಡಿ ನಕ್ಷೆಯಲ್ಲಿ ಗೆರೆಯೆಳೆದರೆ, ಎರಡು ಗೆರೆಗಳು ಕೂಡುವಲ್ಲಿ ಅದು ತೀರುವುದು. ದನಿ ಅಡಗಿದಾಗಲೇ ದಿಕ್ಕು ತಿಳಿಯುವ ಈ ಸೊಗಸನ್ನು ‘ವಾಣಿ’ ಎಂಬ ಶಬ್ದ ಮುಚ್ಚಿಬಿಡುವುದು.

1926ರಲ್ಲಿ ಜಪಾನಿನ ಯಾಗಿ ಮತ್ತು ಉದಾ ಪ್ರಕಟಿಸಿದ ಆಂಟೆನಾದಲ್ಲಿ ತೊಡಕು ಬೇರೆ ಬಗೆಯದು. ಸರಳ ರೂಪದಲ್ಲಿ ಅದಕ್ಕೆ ಮೂರು ಕಡ್ಡಿಗಳು: ಗ್ರಾಹಕಕ್ಕೆ ಕೂಡಿಸಿದುದು ನಡುವೆ, ಅದಕ್ಕಿಂತ ತುಸು ಉದ್ದವಾದುದು ಹಿಂದೆ, ತುಸು ಗಿಡ್ಡಾದುದು ಮುಂದೆ. 145 ಮೆಗಾಹರ್ಟ್ಸ್‌ಗೆ ನಡುವಣದು ಸುಮಾರು ಒಂದು ಮೀಟರು. ಹವ್ಯಾಸಿಗಳು ಉಕ್ಕಿನ ಅಳತೆಪಟ್ಟಿಯ ತುಂಡುಗಳನ್ನೇ ಕೊಳವೆಗೆ ಬಿಗಿದು ಇದನ್ನು ಮಾಡಿಕೊಳ್ಳುವರು. ಹಿಂದಿನದನ್ನು ‘ಪ್ರತಿಫಲಕ’ವೆಂದರೆ ಅರ್ಥವಾದೀತು. ಮುಂದಿನದನ್ನು ‘ನಿರ್ದೇಶಕ’ವೆಂದರೆ ಓದುಗನಿಗೆ ಸಿನಿಮಾ ನೆನಪಾಗುವುದು. ಹಿಂಗಡ್ಡಿ, ಮುಂಗಡ್ಡಿ ಎಂಬವು ಲೇಸು, ವ್ಯಾಕರಣಕ್ಕೂ ಸಮ್ಮತ. ನಡುವಣದಕ್ಕೆ ಮಾತ್ರ ಈ ಸಂಧಿ ಒಗ್ಗದು: ಕೃಷ್ಣಾತೀರದವರಿಗೆ ‘ನಡುಗಡ್ಡಿ’ ಎಂದರೆ ಹೊಳೆಯ ನಡುವಣ ನೆಲ!

ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳ ಕೊರಳಿಗೆ ರೇಡಿಯೋಪಟ್ಟಿ ತೊಡಿಸಿ ಅವುಗಳ ಜಾಡನ್ನು ಅರಸಿದುದು ಇಂಥ ದಿಕ್ಕರಿವ ಆಂಟೆನಾದಿಂದಲೇ. ಅಲ್ಲಿ ಕೇಳುವುದು ಬರಿಯ ಟಿಕ್ ಟಿಕ್ ಸದ್ದು, ಹೊರಡುವುದು ಪೊದೆಯ ಮರೆಯಿಂದ. ಅದನ್ನು ವರ್ಣಿಸುವ ಗದ್ಯದಲ್ಲಿ ‘ಆಕಾಶ’ಕ್ಕಾಗಲಿ ‘ವಾಣಿ’ಗಾಗಲಿ ಎಡೆಯಿಲ್ಲ.